‘ಎಲ್ಲರೂ ಹೇಳಿದ್ದನ್ನೇ ನಾನೂ ಬರೆದೆ’

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಆಸ್ತಿ ಪಾಲಿನವು. ಉಳಿದವು ಜೀವನಾಂಶ, ಬಾಡಿಗೆ, ಚೆಕ್ ಬೌನ್ಸ್. ಈ ಸಲ ನನ್ನ ಮೇಜಿನ ಮೇಲೆ ಬೇರೆಯೇ ಒಂದು ಕಟ್ಟು ಬೆಳೆದಿದೆ. ಊರಿನಲ್ಲಿ ಒಂದು ಕೊಲೆಯೋ ಅತ್ಯಾಚಾರವೋ ವಂಚನೆಯೋ ನಡೆದಿರುತ್ತದೆ. ಅದರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲೋ ಫೇಸ್‌ಬುಕ್‌ನಲ್ಲೋ ಎರಡು ಸಾಲು ಬರೆದವರು ಈಗ ಹೆದರಿ ನನಗೆ ಪತ್ರ ಬರೆದಿದ್ದಾರೆ. ಶಿವಮೊಗ್ಗದಲ್ಲಿ ಇಪ್ಪತ್ತೇಳು ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಮಾನನಷ್ಟದ ಪ್ರಕರಣಗಳಲ್ಲಿ ಮಾನ ಕಳೆದುಕೊಂಡವರ ಪರವಾಗಿಯೂ ನಿಂತಿದ್ದೇನೆ, ಕಳೆದರೆಂಬ ಆಪಾದನೆ ಹೊತ್ತವರ ಪರವಾಗಿಯೂ ನಿಂತಿದ್ದೇನೆ. ಆದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ. ಪತ್ರ ಬರೆದವರ ಹೆಸರು ಕೊಟ್ಟಿಲ್ಲ, ಕೆಲವು ವಿವರಗಳನ್ನು ಮೊಟಕು ಮಾಡಿದ್ದೇನೆ.

ಪ್ರಶ್ನೆ: ಆರು ತಿಂಗಳ ಹಿಂದೆ ನಮ್ಮೂರಿನಲ್ಲಿ ಒಂದು ಕೊಲೆಯಾಯಿತು. ಪೊಲೀಸರು ಒಬ್ಬನನ್ನು ಬಂಧಿಸಿದರು. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾನು, ‘ಕೊಂದವನು ಇವನು, ದುಡ್ಡು ಕೊಟ್ಟು ಮಾಡಿಸಿದವನು ಇವನ ಅಣ್ಣ’ ಎಂದು ಹೆಸರು ಸಮೇತ ಬರೆದೆ. ಈಗ ಆ ಅಣ್ಣ ವಕೀಲರ ಮೂಲಕ ನೋಟಿಸ್ ಕಳಿಸಿದ್ದಾನೆ. ಹದಿನೈದು ದಿನಗಳಲ್ಲಿ ಬೇಷರತ್ ಕ್ಷಮೆ ಕೇಳಬೇಕಂತೆ, ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಬೇಕಂತೆ. ಊರಿನಲ್ಲಿ ಎಲ್ಲರೂ ಹೇಳಿದ್ದನ್ನೇ ನಾನೂ ಬರೆದದ್ದು. ನನ್ನನ್ನು ಪೊಲೀಸರು ಬಂಧಿಸುತ್ತಾರೆಯೇ? — ಹರಿಹರ ತಾಲ್ಲೂಕಿನ ಯುವಕ

ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಮಾನನಷ್ಟ ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸಿಕೊಳ್ಳುವ ಅಪರಾಧವಲ್ಲ. ಮಾನಕ್ಕೆ ಧಕ್ಕೆಯಾದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಸುಪ್ರೀಂ ಕೋರ್ಟ್ 2016ರ ಮೇ 13ರಂದು ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಸೆಕ್ಷನ್ ಪ್ರಕಾರ, ದೂರನ್ನು ವಿಚಾರಣೆಗೆ ಅಂಗೀಕರಿಸುವ ಮೊದಲೇ ನಿಮ್ಮ ಮಾತನ್ನು ಮ್ಯಾಜಿಸ್ಟ್ರೇಟರು ಕೇಳಬೇಕು. ಅಪರಾಧ ಜಾಮೀನು ಸಿಗುವಂಥದ್ದು. ಇಬ್ಬರೂ ಒಪ್ಪಿದರೆ ರಾಜಿಯಾಗುವಂಥದ್ದು ಕೂಡ.

ಆದರೆ ಹಗುರಾಗಿ ತೆಗೆದುಕೊಳ್ಳಬೇಡಿ. ಅದೇ 2016ರ ತೀರ್ಪು ಮಾನನಷ್ಟವನ್ನು ಅಪರಾಧವಾಗಿಯೇ ಉಳಿಸಿದ ತೀರ್ಪು. 2024ರ ಜುಲೈ 1ರ ನಂತರ ಬರೆದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಅನ್ವಯಿಸುತ್ತದೆ, ಅದಕ್ಕೂ ಹಿಂದಿನದಕ್ಕೆ ಹಳೆಯ ದಂಡ ಸಂಹಿತೆಯ 499 ಮತ್ತು 500. ಶಿಕ್ಷೆ ಎರಡು ವರ್ಷಗಳವರೆಗಿನ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಸೇರಿದೆ. ಇದಲ್ಲದೆ ಪರಿಹಾರ ಕೋರಿ ಸಿವಿಲ್ ದಾವೆ ಹೂಡುವ ದಾರಿ ಬೇರೆಯೇ ಇದೆ. ಒಂದೇ ಸಾಲಿಗೆ ಎರಡೂ ಬರಬಹುದು. ನಿಮ್ಮ ಗೆಳೆಯರು 66ಎ ರದ್ದಾಗಿದೆ, ಏನೂ ಆಗುವುದಿಲ್ಲ ಎಂದರೆಂದು ಬರೆದಿದ್ದೀರಿ. ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ 2015ರ ಮಾರ್ಚ್ 24ರಂದು ರದ್ದಾದದ್ದು ನಿಜ. ಮಾನನಷ್ಟದ ಕಾನೂನಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ‘ಎಲ್ಲರೂ ಹೇಳುತ್ತಿದ್ದರು’ ಎಂಬ ನಿಮ್ಮ ಸಮರ್ಥನೆ. ಇದು ಎಷ್ಟು ದುರ್ಬಲ ಎಂದು ನಿಮಗೆ ಕಾಣಿಸಬೇಕಾದರೆ ನೀವು ಕಟಕಟೆಯಲ್ಲಿ ನಿಂತಿದ್ದೀರಿ, ಎದುರು ಪಕ್ಷದ ವಕೀಲಳಾಗಿ ನಾನಿದ್ದೇನೆ ಎಂದುಕೊಳ್ಳಿ. ನಾನು ಪಾಟೀಸವಾಲಿನಲ್ಲಿ ಕೇಳುವುದು ಮೂರೇ ಪ್ರಶ್ನೆ. ಅಣ್ಣ ದುಡ್ಡು ಕೊಟ್ಟನೆಂದು ನಿಮಗೆ ಹೇಳಿದವರು ಯಾರು? ಅವರನ್ನು ಸಾಕ್ಷಿಯಾಗಿ ಕರೆಯುತ್ತೀರಾ? ಬರೆಯುವ ಮೊದಲು ನೀವು ಯಾವ ಕಾಗದ ನೋಡಿದ್ದಿರಿ? ಮೂರನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಹೆಚ್ಚಿನವರು ನ್ಯಾಯಾಧೀಶರ ಕಡೆಗೂ ನೋಡುವುದಿಲ್ಲ, ನೆಲ ನೋಡುತ್ತಾರೆ. ಊರಿನ ಮಾತಿಗೆ ಸಾಕ್ಷಿ ಹೇಳಲು ಊರು ಬರುವುದಿಲ್ಲ.

356ನೇ ಸೆಕ್ಷನ್ನಿಗೆ ಹತ್ತು ವಿನಾಯಿತಿಗಳಿವೆ. ಹೇಳಿದ್ದು ನಿಜವಾಗಿದ್ದು, ಹೇಳಿದ್ದು ಸಾರ್ವಜನಿಕ ಹಿತಕ್ಕಾಗಿಯೂ ಆಗಿದ್ದರೆ ಅಪರಾಧವಲ್ಲ. ಎರಡೂ ಬೇಕು, ಬರೀ ನಿಜ ಸಾಲದು. ಸಿವಿಲ್ ದಾವೆಯಲ್ಲಿ ಮಾತ್ರ ನಿಜವೊಂದೇ ಸಾಕು. ಉಳಿದ ಹಲವು ವಿನಾಯಿತಿಗಳು ನಿಂತಿರುವುದು ‘ಸದ್ಭಾವನೆ’ ಎಂಬ ಪದದ ಮೇಲೆ. ಜನ ಅದನ್ನು ಒಳ್ಳೆಯ ಮನಸ್ಸು ಎಂದು ತಿಳಿಯುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ತಕ್ಕ ಎಚ್ಚರ, ತಕ್ಕ ಗಮನವಿಲ್ಲದೆ ಮಾಡಿದ್ದು ಸದ್ಭಾವನೆಯಿಂದ ಮಾಡಿದ್ದಲ್ಲ ಎನ್ನುತ್ತದೆ. ಸತ್ತವನ ಮೇಲೆ ನಿಮಗೆ ಎಷ್ಟು ಮರುಕವಿತ್ತು, ಕೊಂದವನ ಮೇಲೆ ಎಷ್ಟು ಸಿಟ್ಟಿತ್ತು ಎಂದು ಯಾರೂ ಅಳೆಯುವುದಿಲ್ಲ. ಬರೆಯುವ ಮೊದಲು ಏನನ್ನು ಪರಿಶೀಲಿಸಿದಿರಿ ಎಂದಷ್ಟೇ ಕೇಳುತ್ತಾರೆ.

ಪರಿಶೀಲನೆ ಏಕೆ ಬೇಕು ಎಂಬುದಕ್ಕೆ 2008ರ ಮೇ ತಿಂಗಳ ನೋಯ್ಡಾ ಜೋಡಿ ಕೊಲೆಗಿಂತ ಕಠೋರವಾದ ಉದಾಹರಣೆ ನನಗೆ ಗೊತ್ತಿಲ್ಲ. ಮೇ 16ರ ಬೆಳಿಗ್ಗೆ ಮನೆಯ ಮಗಳ ಶವ ಸಿಕ್ಕಿತು, ಮನೆಗೆಲಸದ ವ್ಯಕ್ತಿ ಕಾಣೆಯಾಗಿದ್ದರು. ಕೊಂದವರು ಅವರೇ ಎಂದು ಪೊಲೀಸರು ಹುಡುಕಾಟಕ್ಕೆ ಹೊರಟರು, ದೇಶವೂ ನಂಬಿತು. ಮರುದಿನ ಅದೇ ಮನೆಯ ತಾರಸಿಯ ಮೇಲೆ ಅವರ ಶವವೂ ಸಿಕ್ಕಿತು. ಕೊಲೆಗಾರ ಎನ್ನಿಸಿಕೊಂಡಿದ್ದ ಒಂದು ದಿನವೆಲ್ಲ ಅವರು ಅಲ್ಲಿಯೇ ಹೆಣವಾಗಿ ಬಿದ್ದಿದ್ದರು. ಆಮೇಲೆ ತಂದೆ ತಾಯಿಯ ಮೇಲೆ ಆರೋಪ ಬಂತು, 2013ರಲ್ಲಿ ಶಿಕ್ಷೆಯಾಯಿತು, 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು. ತನಿಖೆ ಮಾಡುವವರೇ ಹೀಗೆ ಎಡವಿದ ಜಾಗದಲ್ಲಿ, ಮೊಬೈಲ್ ಹಿಡಿದು ಕುಳಿತ ನಾವು ಯಾವ ಧೈರ್ಯದಿಂದ ‘ಇವನೇ’ ಎನ್ನುವುದು?

ಈಗ ನಿಮ್ಮ ಕೆಲಸ. ಬಂಧಿತನ ಬಗ್ಗೆ ಬರೆದದ್ದಕ್ಕಿಂತ ಅಣ್ಣನ ಬಗ್ಗೆ ಬರೆದದ್ದು ನಿಮಗೆ ಹೆಚ್ಚು ತೊಂದರೆ. ನೀವೇ ಹೇಳಿರುವಂತೆ ಎಫ್‌ಐಆರ್‌ನಲ್ಲೂ ಆರೋಪಪಟ್ಟಿಯಲ್ಲೂ ಅವನ ಹೆಸರಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಕಂಡಂತೆ, ಇಂಥ ಬರಹಗಳಲ್ಲಿ ಹೆಚ್ಚು ಪೆಟ್ಟು ತಿನ್ನುವವರು ಆರೋಪಿಗಳಲ್ಲ, ಆರೋಪಿಯ ಪಕ್ಕದಲ್ಲಿ ನಿಂತವರು: ಅಣ್ಣ, ಹೆಂಡತಿ, ಪಾಲುದಾರ, ಮನೆ ಬಾಡಿಗೆಗೆ ಕೊಟ್ಟವರು. ಆ ಸಾಲಿನ ಪ್ರತಿಯನ್ನು ದಿನಾಂಕ ಸಮೇತ ಇಟ್ಟುಕೊಂಡು, ಗುಂಪಿನಿಂದ ಅಳಿಸಲು ಸಾಧ್ಯವಿದ್ದರೆ ಅಳಿಸಿ. ಅದೇ ಗುಂಪಿನಲ್ಲಿ ತಿದ್ದುಪಡಿ ಹಾಕಿ: ಅಣ್ಣನ ಬಗ್ಗೆ ಬರೆದದ್ದಕ್ಕೆ ನನ್ನ ಬಳಿ ಆಧಾರವಿರಲಿಲ್ಲ, ಹಿಂಪಡೆಯುತ್ತೇನೆ, ವಿಷಾದಿಸುತ್ತೇನೆ. ಹಾಕುವ ಮೊದಲು ಆ ಮಾತುಗಳನ್ನು ಒಬ್ಬ ವಕೀಲರಿಗೆ ತೋರಿಸಿ, ನೋಟಿಸಿನ ಉತ್ತರವನ್ನೂ ಅವರ ಮೂಲಕವೇ ಗಡುವಿನೊಳಗೆ ಕಳಿಸಿ. ಹತ್ತು ಲಕ್ಷ ಎಂಬುದು ಅವರು ಬರೆದ ಅಂಕಿ, ನ್ಯಾಯಾಲಯ ಬರೆದದ್ದಲ್ಲ. ಪ್ರಾಮಾಣಿಕವಾಗಿ, ಬೇಗನೆ ಕೇಳಿದ ಕ್ಷಮೆ ಅನೇಕ ಪ್ರಕರಣಗಳನ್ನು ನೋಟಿಸಿನ ಹಂತದಲ್ಲೇ ಮುಗಿಸಿದ್ದನ್ನು ನೋಡಿದ್ದೇನೆ. ‘ಯಾರಿಗಾದರೂ ನೋವಾಗಿದ್ದರೆ’ ಎಂದು ಶುರುವಾಗುವ ಕ್ಷಮೆ ಯಾವುದನ್ನೂ ಮುಗಿಸುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣವೊಂದರಲ್ಲಿ ಒಬ್ಬನ ಫೋಟೊ ನನಗೆ ಬಂತು. ತಾಯಂದಿರು ಜಾಗರೂಕರಾಗಿರಲಿ ಎಂದು ನಮ್ಮ ಬಡಾವಣೆಯ ಗುಂಪಿಗೆ ಕಳಿಸಿದೆ. ಕೆಳಗೆ ‘ಬಂದದ್ದನ್ನು ಬಂದ ಹಾಗೆ ಕಳಿಸಿದ್ದೇನೆ’ ಎಂದೂ ಬರೆದಿದ್ದೆ. ಬರೆದವಳು ನಾನಲ್ಲವಲ್ಲ, ನನ್ನ ಮೇಲೆ ಜವಾಬ್ದಾರಿ ಬರುತ್ತದೆಯೇ? — ಶಿರಸಿಯಿಂದ

ಬರುತ್ತದೆ, ಮೇಡಂ. ಕಾನೂನಿನಲ್ಲಿ ಬರೆಯುವುದಕ್ಕಿಂತ ‘ಪ್ರಕಟಿಸುವುದು’ ಮುಖ್ಯ. ಮೂರನೆಯವರಿಗೆ ತಲುಪಿಸಿದರೆ ಪ್ರಕಟಿಸಿದಂತೆ. ಬೇರೆಯವರ ಪೋಸ್ಟನ್ನು ಮರುಹಂಚಿಕೆ ಮಾಡುವುದೂ ಮಾನನಷ್ಟವಾಗಬಲ್ಲದು ಎಂದು ದೆಹಲಿ ಹೈಕೋರ್ಟ್ 2024ರ ಫೆಬ್ರುವರಿಯಲ್ಲಿ, ರಾಜಕಾರಣಿಯೊಬ್ಬರು ವಿಡಿಯೊ ಹಂಚಿಕೊಂಡ ಪ್ರಕರಣದಲ್ಲಿ ಹೇಳಿದೆ. ‘ಬಂದ ಹಾಗೆ ಕಳಿಸಿದ್ದೇನೆ’ ಎಂಬ ಸಾಲು ನಿಮ್ಮನ್ನು ಕಾಪಾಡುವುದಿಲ್ಲ. ನಾನು ಪರಿಶೀಲಿಸಿಲ್ಲ ಎಂದು ನಿಮ್ಮ ಕೈಯಾರೆ ಬರೆದುಕೊಟ್ಟಂತಾಗುತ್ತದೆ.

ಇತರರ ಹಿತಕ್ಕಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆಗೆ ಹತ್ತನೆಯ ವಿನಾಯಿತಿ ಇದೆ. ನಿಮ್ಮ ಉದ್ದೇಶ ಅದರೊಳಗೆ ಬರುತ್ತದೆ. ಆದರೆ ಮತ್ತೆ ಅದೇ ಪದ, ಸದ್ಭಾವನೆ, ಅಂದರೆ ಎಚ್ಚರ. ಆ ಫೋಟೊದಲ್ಲಿ ಇರುವವನೇ ಆರೋಪಿ ಎಂದು ನೀವು ಹೇಗೆ ಖಚಿತ ಮಾಡಿಕೊಂಡಿರಿ?

ಇದನ್ನು ಇಷ್ಟು ಒತ್ತಿ ಕೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಕಚೇರಿಗೆ ಒಬ್ಬ ಶಾಲಾ ವ್ಯಾನ್ ಚಾಲಕರು ಬಂದರು. ಪಡಿತರ ಚೀಟಿ ಇಡುವ ಪ್ಲಾಸ್ಟಿಕ್ ಕವರಿನೊಳಗೆ ಹನ್ನೊಂದು ಹಾಳೆ ತಂದಿದ್ದರು. ಯಾರ ಮೊಬೈಲಿನಿಂದಲೋ ತೆಗೆಸಿದ ಸ್ಕ್ರೀನ್‌ಶಾಟ್‌ಗಳು, ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿದವು. ಹನ್ನೊಂದರಲ್ಲೂ ಅವರ ಮುಖ. ಒಂದು ಮಗುವಿನ ಪ್ರಕರಣದಲ್ಲಿ ಪೊಲೀಸರು ಆ ದಾರಿಯಲ್ಲಿ ಓಡಾಡುವ ಹಲವರನ್ನು ವಿಚಾರಣೆಗೆ ಕರೆದಿದ್ದರು. ಇವರನ್ನೂ ಕರೆದು ಸಂಜೆಯೊಳಗೆ ಕಳಿಸಿದ್ದರು. ಠಾಣೆಯ ಬಾಗಿಲಲ್ಲಿ ಯಾರೋ ಫೋಟೊ ತೆಗೆದರು, ರಾತ್ರಿಯೊಳಗೆ ಊರೆಲ್ಲ ಹರಡಿತು. ಆರೋಪಪಟ್ಟಿ ಸಲ್ಲಿಕೆಯಾದದ್ದು ಬೇರೆಯವನ ಮೇಲೆ. ಅದನ್ನು ಯಾರೂ ಹಂಚಲಿಲ್ಲ. ಅವರ ವ್ಯಾನನ್ನು ನಾನು ನೋಡಿದೆ. ಹಿಂಬದಿಯಲ್ಲಿ ದೊಡ್ಡದಾಗಿ ಬರೆಸಿದ್ದ ಮೊಬೈಲ್ ಸಂಖ್ಯೆಯ ಮೇಲೆ ಬೇರೆ ಛಾಯೆಯ ಹಳದಿ ಬಳಿದಿದ್ದರು. ಬೈಗುಳದ ಕರೆಗಳು ನಿಲ್ಲಲಿ ಎಂದು ತಾವೇ ಬಳಿದದ್ದು. ಆ ಹೊತ್ತಿಗೆ ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳಿದ್ದ ಜಾಗದಲ್ಲಿ ಇಬ್ಬರಿದ್ದರು, ಆ ಇಬ್ಬರೂ ಅವರ ತಂಗಿಯ ಮಕ್ಕಳು.

ನಾವು ಇಬ್ಬರ ಮೇಲೆ ಖಾಸಗಿ ದೂರು ಕೊಟ್ಟೆವು. ಅವರಲ್ಲಿ ಒಬ್ಬರು ನಿಮ್ಮಂತೆಯೇ ಮರ್ಯಾದಸ್ಥ ನಿವೃತ್ತರು. ಫೋಟೊ ಬಂದ ನಾಲ್ಕನೇ ನಿಮಿಷಕ್ಕೆ ಮೂರು ಗುಂಪಿಗೆ ಕಳಿಸಿದ್ದರು. ನ್ಯಾಯಾಲಯದ ಮೊಗಸಾಲೆಯಲ್ಲಿ ಚಾಲಕರ ಕೈ ಹಿಡಿದುಕೊಂಡು ಅತ್ತರು. ರಾಜಿಯಾಯಿತು. ಚಾಲಕರು ಈಗ ಬೇರೆ ಊರಿನಲ್ಲಿ ಸರಕು ಆಟೊ ಓಡಿಸುತ್ತಾರೆ. ಶಾಲಾ ವ್ಯಾನ್ ಮತ್ತೆ ಓಡಿಸಲಿಲ್ಲ.

ಇದಕ್ಕಿಂತ ಭೀಕರವಾದದ್ದೂ ನಮ್ಮ ರಾಜ್ಯದಲ್ಲಿ ಆಗಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಕೆಲವರನ್ನು ಮಕ್ಕಳ ಕಳ್ಳರೆಂದು ತಿಳಿದು ಜನ ಮುಗಿಬಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಕಾರು ಅಲ್ಲಿಗೆ ತಲುಪುವ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ತಲುಪಿತ್ತು.

ನಿಮಗೆ ನಿಜವಾಗಿ ಅನುಮಾನವಿದ್ದರೆ ಪೊಲೀಸರಿಗೆ ತಿಳಿಸಿ. ಅಧಿಕಾರವುಳ್ಳವರಿಗೆ ಸದ್ಭಾವನೆಯಿಂದ ಕೊಟ್ಟ ದೂರು ಮಾನನಷ್ಟವಲ್ಲ, ಅದು ಎಂಟನೆಯ ವಿನಾಯಿತಿ. ಬಡಾವಣೆಯ ತಾಯಂದಿರಿಗೆ ಫೋಟೊ ಇಲ್ಲದೆಯೂ ಎಚ್ಚರಿಕೆ ಹೇಳಬಹುದು. ಕಳಿಸಿದ ಫೋಟೊವನ್ನು ಇವತ್ತೇ ಹಿಂಪಡೆಯಿರಿ, ಅದು ಖಚಿತವಲ್ಲ ಎಂದು ಅದೇ ಗುಂಪಿನಲ್ಲಿ ಬರೆಯಿರಿ.

ಪ್ರಶ್ನೆ: ನಾನು ಒಂದು ಗುಂಪಿನ ಅಡ್ಮಿನ್. ಸದಸ್ಯರು ಬರೆದದ್ದಕ್ಕೆಲ್ಲ ನಾನು ಜೈಲಿಗೆ ಹೋಗಬೇಕೇ? — ಹುಬ್ಬಳ್ಳಿ

ಇಲ್ಲ. ಗುಂಪು ಮಾಡಿದ ಮಾತ್ರಕ್ಕೆ ಸದಸ್ಯರ ಮಾತಿಗೆ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ದೆಹಲಿ ಹೈಕೋರ್ಟ್ 2016ರಲ್ಲೇ ಒಂದು ಒಳ್ಳೆಯ ಹೋಲಿಕೆ ಕೊಟ್ಟಿತ್ತು: ಪತ್ರಿಕೆಯಲ್ಲಿ ಬಂದದ್ದಕ್ಕೆ ಕಾಗದ ತಯಾರಿಸಿದವನನ್ನು ಹೊಣೆ ಮಾಡಿದಂತಾಗುತ್ತದೆ ಎಂದು. ಆದರೆ ನೀವೇ ಆ ಮಾತನ್ನು ಎತ್ತಿ ಹಿಡಿದರೆ, ಪಿನ್ ಮಾಡಿ ಮೇಲಿಟ್ಟರೆ, ಬೇರೆ ಗುಂಪಿಗೆ ದಾಟಿಸಿದರೆ ಅಡ್ಮಿನ್ ಎಂದಲ್ಲ, ಪ್ರಕಟಿಸಿದವರೆಂದು ಹೊಣೆಯಾಗುತ್ತೀರಿ. ಯಾರಾದರೂ ‘ಇದು ಸುಳ್ಳು, ತೆಗೆಯಿರಿ’ ಎಂದು ಬಂದಾಗ ಸುಮ್ಮನೆ ಕೂರಬೇಡಿ.

ಪ್ರಶ್ನೆ: ಅತ್ಯಾಚಾರಕ್ಕೊಳಗಾಗಿ ಸತ್ತ ಹುಡುಗಿಗೆ ನ್ಯಾಯ ಸಿಗಲೆಂದು ನಾವು ಕಾಲೇಜಿನ ವಿದ್ಯಾರ್ಥಿನಿಯರು ಅವಳ ಹೆಸರು, ಫೋಟೊ ಹಾಕಿ ಅಭಿಯಾನ ಮಾಡುತ್ತಿದ್ದೇವೆ. ಅವಳ ಮನೆಯವರೂ ಒಪ್ಪಿದ್ದಾರೆ. ಇದು ತಪ್ಪೇ? — ಮೈಸೂರು

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಅಭಿಯಾನ ಬಿಡಬೇಡಿ, ಹೆಸರು ಮತ್ತು ಫೋಟೊ ಇವತ್ತೇ ತೆಗೆಯಿರಿ. ಇದು ಮಾನನಷ್ಟವಲ್ಲ, ಬೇರೆಯೇ ಅಪರಾಧ. ಇದರಲ್ಲಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷಗಳವರೆಗೆ ಸಜೆ ಮತ್ತು ದಂಡ. ಹುಡುಗಿ ಸತ್ತಿದ್ದರೂ, ಮನೆಯವರು ಒಪ್ಪಿದ್ದರೂ ಹೆಸರು ಬಳಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 11ರಂದು ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹೆಸರು ಹೇಳಲೇಬೇಕಾದ ಸಂದರ್ಭವಿದೆಯೇ ಎಂದು ತೀರ್ಮಾನಿಸುವವರು ಸೆಷನ್ಸ್ ನ್ಯಾಯಾಧೀಶರು, ನಾವಲ್ಲ.

ಅವಳು ಹದಿನೆಂಟು ತುಂಬದವಳಾಗಿದ್ದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಇನ್ನೂ ಬಿಗಿ. ಶಾಲೆ, ನೆರೆಹೊರೆ, ಮನೆಯವರ ವಿವರ, ಗುರುತು ಹಿಡಿಯಲು ನೆರವಾಗುವ ಯಾವುದನ್ನೂ ಹೇಳುವಂತಿಲ್ಲ. ‘ಇಂಥ ಹಳ್ಳಿಯ ಅಂಗನವಾಡಿ ಕಾರ್ಯಕರ್ತೆಯ ಮಗಳು’ ಎಂದರೆ ಹೆಸರು ಹೇಳಿದಷ್ಟೇ. ಆ ಹಳ್ಳಿಯಲ್ಲಿ ಎಷ್ಟು ಅಂಗನವಾಡಿಗಳಿರುತ್ತವೆ? ಆರೋಪಿ ಅವಳ ಸಂಬಂಧಿಯಾಗಿದ್ದರೆ ಅವನ ಹೆಸರು ಹಾಕಿದರೂ ಅವಳ ಗುರುತು ಸಿಕ್ಕಿಬಿಡುತ್ತದೆ. ಆರೋಪಿಯೇ ಬಾಲಕನಾಗಿದ್ದರೆ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅವನ ಗುರುತನ್ನೂ ಕಾಯುತ್ತದೆ. ಅಭಿಯಾನಕ್ಕೆ ಪ್ರಕರಣದ ಸಂಖ್ಯೆ, ನ್ಯಾಯಾಲಯದ ಹೆಸರು, ಮುಂದಿನ ವಿಚಾರಣೆಯ ದಿನಾಂಕ ಸಾಕು. ಎಷ್ಟು ಸಲ ಮುಂದೂಡಿಕೆಯಾಯಿತು ಎಂದು ಲೆಕ್ಕವಿಟ್ಟು ಬರೆಯಿರಿ. ಫೋಟೊಗಿಂತ ಆ ಲೆಕ್ಕಕ್ಕೆ ಉತ್ತರ ಕೊಡುವುದು ವ್ಯವಸ್ಥೆಗೆ ಕಷ್ಟ.

ಪ್ರಶ್ನೆ: ನಾನು ತಾಲ್ಲೂಕು ಮಟ್ಟದ ಸುದ್ದಿಯ ಫೇಸ್‌ಬುಕ್ ಪುಟ ನಡೆಸುತ್ತೇನೆ. ಎಫ್‌ಐಆರ್ ಪ್ರತಿ ಹಾಕಬಹುದೇ? ಏನನ್ನು ನಿರ್ಭಯವಾಗಿ ಬರೆಯಬಹುದು? ಎಲ್ಲದಕ್ಕೂ ‘ಕೋರ್ಟ್‌ನಲ್ಲಿದೆ, ಮಾತಾಡಬೇಡಿ’ ಎನ್ನುತ್ತಾರೆ. — ಸಾಗರ

ಹಾಗೆನ್ನುವವರ ಮಾತು ನಂಬಬೇಡಿ. ನ್ಯಾಯಾಲಯ ಬಾಗಿಲು ತೆರೆದು ನಡೆಸುವ ಕೆಲಸ ನಿಮ್ಮ ಪುಟದಲ್ಲಿ ಬರಲೇಬೇಕು. ನ್ಯಾಯಾಲಯದ ಕಲಾಪದ ಬಹುಮಟ್ಟಿಗೆ ನಿಜವಾದ ವರದಿ ಮಾನನಷ್ಟವಲ್ಲ, ಅದು ನಾಲ್ಕನೆಯ ವಿನಾಯಿತಿ. ತೀರ್ಪು ಬಂದ ಮೇಲೆ ಪ್ರಕರಣದ ಗುಣದೋಷವನ್ನು, ಸಾಕ್ಷಿಗಳ ನಡವಳಿಕೆಯನ್ನು ಸದ್ಭಾವನೆಯಿಂದ ವಿಮರ್ಶಿಸಬಹುದು, ಅದು ಐದನೆಯದು. ನ್ಯಾಯಾಲಯದ ದಾಖಲೆಗಳೂ ಸೇರಿದಂತೆ ಸಾರ್ವಜನಿಕ ದಾಖಲೆಗಳನ್ನು ಆಧರಿಸಿ ಪ್ರಕಟಿಸುವುದಕ್ಕೆ ಅಡ್ಡಿಯಿಲ್ಲ, ಲೈಂಗಿಕ ಅಪರಾಧಗಳ ಸಂತ್ರಸ್ತೆಯರ ಗುರುತನ್ನು ಬಿಟ್ಟು, ಎಂದು ಸುಪ್ರೀಂ ಕೋರ್ಟ್ 1994ರಲ್ಲೇ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಸೂಕ್ಷ್ಮ ಪ್ರಕರಣಗಳನ್ನುಳಿದು ಎಫ್‌ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂಬ ಆದೇಶ 2016ರದ್ದು. ಹಾಗಾಗಿ ಎಫ್‌ಐಆರ್‌ನಲ್ಲಿ ಏನಿದೆ ಎಂದು ಬರೆಯಬಹುದು. ಪ್ರತಿ ಹಾಕುವುದಾದರೆ ವಿಳಾಸ, ಮೊಬೈಲ್ ಸಂಖ್ಯೆ, ಸಾಕ್ಷಿಗಳ ಹೆಸರು ಮುಚ್ಚಿ.

ಆದರೆ ಎಫ್‌ಐಆರ್ ಎಂದರೆ ಒಬ್ಬರು ಕೊಟ್ಟ ದೂರು, ಅಷ್ಟೇ. ‘ಇಂಥವರು ಮಾಡಿದ್ದಾರೆ’ ಎಂಬುದಕ್ಕೂ ‘ಇಂಥವರು ಮಾಡಿದ್ದಾರೆಂದು ದೂರಿನಲ್ಲಿದೆ’ ಎಂಬುದಕ್ಕೂ ನಡುವೆ ಇರುವ ಎರಡು ಪದಗಳೇ ನಿಮ್ಮ ರಕ್ಷಣೆ. ಸಂಶಯಿತ, ಆರೋಪಿ, ಅಪರಾಧಿ: ಮೂರಕ್ಕೂ ಮೂರು ಅರ್ಥ. ನಿಮ್ಮ ಪುಟದ ಒಂದು ಶೀರ್ಷಿಕೆ ನೋಡಿದೆ, ‘ಕೊಲೆಗಾರ ಪೊಲೀಸ್ ಬಲೆಗೆ’. ಒಳಗೆ ಎಲ್ಲವೂ ಸರಿಯಾಗಿತ್ತು. ನೋಟಿಸ್ ಬರುವುದು ಆ ಶೀರ್ಷಿಕೆಗೆ. ಪೊಲೀಸರು ಆಮೇಲೆ ‘ಬಿ ರಿಪೋರ್ಟ್’, ಅಂದರೆ ಆರೋಪಪಟ್ಟಿ ಹಾಕದೆ ಪ್ರಕರಣ ಮುಗಿಸುವ ವರದಿ, ಹಾಕಿದರೆ, ಅಥವಾ ಖುಲಾಸೆಯಾದರೆ, ಬಂಧನದ ಸುದ್ದಿಗೆ ಕೊಟ್ಟಷ್ಟೇ ಜಾಗ ಅದಕ್ಕೂ ಕೊಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಹದಿನಾರು ಅಕ್ಷರಾಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಪ್ರಕರಣ ಯಾವ ಹಂತದಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಪುಕ್ಕಟೆ, ಐದು ನಿಮಿಷದ ಕೆಲಸ.

ಆರೋಪಪಟ್ಟಿ ಸಲ್ಲಿಕೆಯಾದ ಮೇಲೆ ಸಾಕ್ಷಿಗಳನ್ನು ಬೆದರಿಸುವಂತೆ, ತೀರ್ಪನ್ನು ಮೊದಲೇ ಬರೆದಂತೆ ಬರೆದರೆ 1971ರ ನ್ಯಾಯಾಂಗ ನಿಂದನೆ ಕಾಯ್ದೆಯೂ ಎದುರಾಗಬಹುದು. ತಡೆಯಾಜ್ಞೆ ಬಂದರೆ ಪಾಲಿಸಿ, ಆದರೆ ಪ್ರಶ್ನಿಸಬಹುದೆಂಬುದು ನೆನಪಿರಲಿ. ಧರ್ಮಸ್ಥಳಕ್ಕೆ ಸಂಬಂಧಿಸಿದ ದಾವೆಯಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ 2025ರ ಜುಲೈ 18ರಂದು ಏಕಪಕ್ಷೀಯವಾಗಿ, ಅಂದರೆ ಎದುರು ಪಕ್ಷದ ಮಾತು ಕೇಳದೆ, ಕೊಟ್ಟ ತಡೆಯಾಜ್ಞೆ ಸಾವಿರಾರು ಲಿಂಕ್‌ಗಳಿಗೆ ಅನ್ವಯವಾಗಿತ್ತು. ಒಂದು ಯೂಟ್ಯೂಬ್ ವಾಹಿನಿ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಆ ಅರ್ಜಿದಾರರ ಮಟ್ಟಿಗೆ ಆದೇಶ ರದ್ದಾಯಿತು. ವಿಚಾರಣೆಗೆ ಮುನ್ನ ಪ್ರಕಟಣೆ ತಡೆಯುವುದು ಅಪರೂಪದ ಸಂದರ್ಭಗಳಲ್ಲಿ ಮಾತ್ರ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಹೇಳಿದೆ.

ಪ್ರಶ್ನೆ: ಅಕ್ಕಾ, ನಾನು ಕೆಲಸ ಮಾಡಿದ ಜಾಗದಲ್ಲಿ ಮೇಲಧಿಕಾರಿ ನನ್ನೊಂದಿಗೆ ಅಸಭ್ಯವಾಗಿ ನಡೆದುಕೊಂಡರು. ನಾಲ್ಕು ವರ್ಷವಾಯಿತು. ಈಗ ಬರೆಯಬೇಕೆನ್ನಿಸಿದೆ. ‘ಮಾನನಷ್ಟ ಹಾಕುತ್ತೇನೆ’ ಎಂದು ಅವರು ಹೇಳಿಕಳಿಸಿದ್ದಾರೆ. ಸುಮ್ಮನಿರಬೇಕೇ? — ಊರಿನ ಹೆಸರು ಬೇಡ

ಸುಮ್ಮನಿರಬೇಕಿಲ್ಲ, ತಂಗಿ. ಮೇಲಿನ ಉತ್ತರಗಳನ್ನು ಓದಿ ನೀವು ಹೆದರಬಾರದೆಂದೇ ನಿಮ್ಮ ಪತ್ರವನ್ನು ಇಲ್ಲಿ ಸೇರಿಸಿದ್ದೇನೆ. ಊರಿನ ಮಾತನ್ನು ಕೇಳಿ ಬರೆಯುವವರು ಬೇರೆ, ತನ್ನ ಮೈಮೇಲೆ ಆದದ್ದನ್ನು ಹೇಳುವವರು ಬೇರೆ. ನಿಮ್ಮ ಪ್ರಕರಣದಲ್ಲಿ ಸಾಕ್ಷಿ ನೀವೇ.

ಪತ್ರಕರ್ತೆ ಪ್ರಿಯಾ ರಮಣಿ ಅವರ ಮೇಲೆ ಆಗಿನ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಅವರು 2018ರಲ್ಲಿ ಮಾನನಷ್ಟ ದೂರು ಕೊಟ್ಟರು. 2021ರ ಫೆಬ್ರುವರಿ 17ರಂದು ದೆಹಲಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ರಮಣಿಯವರನ್ನು ಖುಲಾಸೆ ಮಾಡಿತು. ದಶಕಗಳ ನಂತರವಾದರೂ, ತನಗೆ ಸರಿಯೆನಿಸಿದ ವೇದಿಕೆಯಲ್ಲಿ ತನ್ನ ಅಳಲನ್ನು ಹೇಳಿಕೊಳ್ಳುವ ಹಕ್ಕು ಮಹಿಳೆಗಿದೆ ಎಂದಿತು. ಒಬ್ಬರ ಪ್ರತಿಷ್ಠೆಯನ್ನು ಕಾಯಲು ಮಹಿಳೆಯ ಬದುಕು ಮತ್ತು ಘನತೆಯ ಹಕ್ಕನ್ನು ಬಲಿಕೊಡಲಾಗದು ಎಂದಿತು. ಅದರ ವಿರುದ್ಧ ಮೇಲ್ಮನವಿ ದೆಹಲಿ ಹೈಕೋರ್ಟಿಗೆ ಹೋಗಿದೆ. ಆ ತೀರ್ಪನ್ನು ಓದಿದ ಸಂಜೆ ನಾನು ನನ್ನ ಕಿರಿಯ ವಕೀಲೆಯರನ್ನು ಕರೆದು ಗಟ್ಟಿಯಾಗಿ ಓದಿಸಿದ್ದೆ.

ಆದರೂ ಖುಲಾಸೆಯಾಗುವವರೆಗೆ ಅವರು ನ್ಯಾಯಾಲಯಕ್ಕೆ ಅಲೆದದ್ದು ಎರಡು ವರ್ಷಕ್ಕೂ ಹೆಚ್ಚು. ನಿಮ್ಮನ್ನೂ ಅಲೆಸಬಹುದು. ಅದಕ್ಕೆ ಸಿದ್ಧತೆ ಬೇಕು. ಬರೆಯುವ ಮೊದಲು ದಿನಾಂಕ, ಜಾಗ, ಆಡಿದ ಮಾತು, ಯಾರಿಗೆ ಆಗಲೇ ಹೇಳಿಕೊಂಡಿದ್ದಿರಿ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಳೆಯ ಮೊಬೈಲ್ ಮಾರಬೇಡಿ, ಅದರಲ್ಲಿನ ಸಂದೇಶಗಳೇ ನಿಮ್ಮ ಬಲ. ಆಗ ಹೇಳಿಕೊಂಡ ಗೆಳತಿಯೊಂದಿಗೆ ಮಾತಾಡಿ, ಸಾಕ್ಷಿ ಹೇಳಲು ಸಿದ್ಧರಿದ್ದಾರೆಯೇ ಕೇಳಿ. ಬರೆಯುವಾಗ ಆದದ್ದನ್ನು ಮಾತ್ರ ಬರೆಯಿರಿ. ‘ಇವನು ಎಲ್ಲ ಹುಡುಗಿಯರಿಗೂ ಹೀಗೆ ಮಾಡಿದ್ದಾನೆ’ ಎಂಬ ಸಾಲು ಬೇಡ, ಅದು ನಿಮ್ಮ ಅನುಭವವಲ್ಲ. ಕೆಲಸದ ಸ್ಥಳದ ಆಂತರಿಕ ಸಮಿತಿಗೆ ದೂರು ಕೊಡಲು ಕಾಯ್ದೆಯಲ್ಲಿರುವ ಅವಧಿ ಮೂರು ತಿಂಗಳು, ಸಮಿತಿ ಅದನ್ನು ಇನ್ನು ಮೂರು ತಿಂಗಳು ವಿಸ್ತರಿಸಬಹುದು ಅಷ್ಟೇ. ನಿಮಗೆ ಆ ದಾರಿ ಮುಚ್ಚಿದೆ. ಪೊಲೀಸ್ ದೂರಿಗೂ ಕಾಲಮಿತಿಯ ತೊಡಕು ಇರಬಹುದು, ನಡೆದದ್ದು ಏನು ಎಂಬುದರ ಮೇಲೆ ಅದು ನಿಲ್ಲುತ್ತದೆ. ಅದನ್ನು ಪತ್ರದಲ್ಲಿ ಬರೆಯುವುದು ನಿಮಗೆ ಕಷ್ಟವಾಯಿತೆಂದು ಗೊತ್ತು. ಸಂಪಾದಕರ ಮೂಲಕ ನನ್ನ ಕಚೇರಿಗೆ ಫೋನ್ ಮಾಡಿ, ಶುಲ್ಕದ ಮಾತು ಬೇಡ.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗ ಇಲ್ಲಿನ ಕೊಲೆ ಪ್ರಕರಣದ ಬಗ್ಗೆ ಕಟುವಾಗಿ ಬರೆಯುತ್ತಾನೆ. ಅಲ್ಲಿದ್ದರೆ ಇಲ್ಲಿನ ಕಾನೂನು ತಟ್ಟುವುದಿಲ್ಲ ಎನ್ನುತ್ತಾನೆ. — ಹಾಸನ

ಅವರು ಭಾರತದ ಪೌರರಾಗಿದ್ದರೆ ತಟ್ಟುತ್ತದೆ. ವಿದೇಶದಲ್ಲಿ ಮಾಡಿದ ಅಪರಾಧಕ್ಕೂ ನ್ಯಾಯ ಸಂಹಿತೆ ಅನ್ವಯಿಸುತ್ತದೆ, ಬರೆದದ್ದನ್ನು ಓದುವವರು ಇಲ್ಲೇ ಇದ್ದಾರೆ. ಅಲ್ಲಿನ ಕಾನೂನೂ ಸಡಿಲವಲ್ಲ. 2010ರ ಕೊನೆಯಲ್ಲಿ ಬ್ರಿಸ್ಟಲ್ ನಗರದಲ್ಲಿ ಯುವತಿಯೊಬ್ಬಳ ಕೊಲೆಯಾದಾಗ ಅವಳಿದ್ದ ಮನೆಯ ಮಾಲೀಕರಾದ ನಿವೃತ್ತ ಶಿಕ್ಷಕರನ್ನು ಪೊಲೀಸರು ಬಂಧಿಸಿ ಬಿಟ್ಟರು. ಅಷ್ಟರಲ್ಲಿ ಪತ್ರಿಕೆಗಳು ಅವರ ತಲೆಗೂದಲನ್ನೂ ಬಿಡದೆ ಬರೆದಿದ್ದವು. ಕೊಂದವನು ನೆರೆಮನೆಯವನು. 2011ರ ಜುಲೈನಲ್ಲಿ ಎಂಟು ಪತ್ರಿಕೆಗಳು ಆ ಶಿಕ್ಷಕರಿಗೆ ಪರಿಹಾರ ಕೊಟ್ಟವು, ಎರಡಕ್ಕೆ ನ್ಯಾಯಾಂಗ ನಿಂದನೆಗಾಗಿ ದಂಡವೂ ಬಿತ್ತು. ಮಗನಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ನಮ್ಮ ತಂದೆ ಒಂದು ವಂಚನೆ ಪ್ರಕರಣದಲ್ಲಿ ಎಂಟು ವರ್ಷ ನ್ಯಾಯಾಲಯಕ್ಕೆ ಅಲೆದು ಕಳೆದ ತಿಂಗಳು ಖುಲಾಸೆಯಾದರು. ಅವರ ಹೆಸರು ಹುಡುಕಿದರೆ ಇವತ್ತಿಗೂ ‘ಕಳ್ಳ’ ಎಂಬ ಹಳೆಯ ಪೋಸ್ಟ್‌ಗಳೇ ಮೊದಲು ಬರುತ್ತವೆ. ನನ್ನ ಮದುವೆಯ ಮಾತುಕತೆ ಎರಡು ಸಲ ಮುರಿದಿದೆ. — ಚಿಕ್ಕಮಗಳೂರು

ಮಾನನಷ್ಟದ ಸಿವಿಲ್ ದಾವೆಗೆ ಕಾಲಮಿತಿ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಜಾಲದಲ್ಲಿ ಉಳಿದಿದೆ ಎಂಬ ಕಾರಣಕ್ಕೆ ಅವಧಿ ದಿನವೂ ಹೊಸದಾಗುವುದಿಲ್ಲ, ಮೊದಲು ಪ್ರಕಟವಾದ ದಿನದಿಂದ ಎಣಿಸಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ಎಂಟು ವರ್ಷ ಹಳೆಯ ಪೋಸ್ಟ್‌ಗಳ ಮೇಲೆ ಆ ದಾರಿ ಕಷ್ಟ. ಆದರೆ ಖುಲಾಸೆಯ ನಂತರವೂ ಯಾರಾದರೂ ಹೊಸದಾಗಿ ಹಂಚಿದ್ದರೆ ಅದು ಹೊಸ ಪ್ರಕಟಣೆ, ಅದರ ದಿನಾಂಕ ಗುರುತು ಹಾಕಿಕೊಳ್ಳಿ.

ಮೊದಲು ಪೋಸ್ಟ್ ಹಾಕಿದವರಿಗೇ ಬರೆಯಿರಿ, ತೀರ್ಪಿನ ಪ್ರತಿ ಲಗತ್ತಿಸಿ. ಬೈಯಬೇಡಿ, ‘ತಂದೆ ಖುಲಾಸೆಯಾಗಿದ್ದಾರೆ, ದಯವಿಟ್ಟು ತೆಗೆಯಿರಿ’ ಎಂದಷ್ಟೇ ಕೇಳಿ. ಎಂಟು ವರ್ಷದ ಹಿಂದೆ ಸಿಟ್ಟಿನಲ್ಲಿ ಬರೆದದ್ದು ಎಷ್ಟೋ ಜನಕ್ಕೆ ನೆನಪೂ ಇರುವುದಿಲ್ಲ, ಕೇಳಿದರೆ ತೆಗೆಯುತ್ತಾರೆ. ತೆಗೆಯದಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಅಲ್ಲೂ ಆಗದಿದ್ದರೆ ಹೈಕೋರ್ಟಿಗೆ ರಿಟ್ ಅರ್ಜಿ. ಒಬ್ಬ ತಂದೆ ತನ್ನ ಮಗಳ ಹೆಸರು ಆದೇಶದ ಪ್ರತಿಯಲ್ಲಿ ಹುಡುಕಿದವರಿಗೆ ಸಿಗದಂತೆ ಮಾಡಿ ಎಂದು ಕೇಳಿದಾಗ ನಮ್ಮ ಹೈಕೋರ್ಟ್ 2017ರ ಜನವರಿಯಲ್ಲಿ ಒಪ್ಪಿತ್ತು. ಈಗ ನೀವು ತಂದೆಗಾಗಿ ಕೇಳುತ್ತಿದ್ದೀರಿ.

ತೀರ್ಪಿನಲ್ಲಿ ಅನುಮಾನದ ಲಾಭ ಕೊಟ್ಟು ಬಿಟ್ಟಿದ್ದಾರೆಯೇ, ಆರೋಪಕ್ಕೆ ಆಧಾರವೇ ಇಲ್ಲ ಎಂದಿದ್ದಾರೆಯೇ ಎಂಬುದರ ಮೇಲೆ ಅರ್ಜಿಯ ಮಾತುಗಳು ಬದಲಾಗುತ್ತವೆ. ತೀರ್ಪಿನ ಪ್ರಮಾಣೀಕೃತ ನಕಲಿಗೆ ಅರ್ಜಿ ಹಾಕಿ, ಸಿಕ್ಕಿದ ಕೂಡಲೇ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಓದಿ ಬರೆಯುತ್ತೇನೆ.